ಪಾವಗಡದ ದಾರಿಯಲ್ಲಿ ಧ್ರುವ

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ಹಾದು ಪಾವಗಡಕ್ಕೆ ಹೋಗುವ ರಸ್ತೆ ಹೆಚ್ಚುಕಮ್ಮಿ ಉತ್ತರಕ್ಕೇ ಸಾಗುತ್ತದೆ. ಬೆಂಗಳೂರಿನ ಬೆಳಕು ಬೆನ್ನ ಹಿಂದೆ, ಕತ್ತಲು ಎದುರಿಗೆ. ಧ್ರುವ ನಕ್ಷತ್ರವನ್ನು ನೋಡಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ದಾರಿ ಈ ಜಿಲ್ಲೆಯಲ್ಲಿ ಸಿಗದು. ತುಮಕೂರಿನ ಅಕ್ಷಾಂಶ 13.3 ಡಿಗ್ರಿ, ಪಾವಗಡದ್ದು 14.1. ದಿಗಂತದಿಂದ ಧ್ರುವನ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ ಡಿಗ್ರಿ. ಹಾಗಾಗಿ ಪಾವಗಡ ಮುಟ್ಟುವಷ್ಟರಲ್ಲಿ ಆತ ಒಂದೂವರೆ ಹುಣ್ಣಿಮೆ ಚಂದ್ರನಷ್ಟು ಮೇಲೇರಿರುತ್ತಾನೆ.

ಮಧುಗಿರಿಯಲ್ಲಿ ಹಗಲಲ್ಲಿ ಕೋಟೆ ನೋಡಿ ಮುಂದೆ ಹೋಗುವುದೇ ಸರಿ. ಏಕಶಿಲಾ ಬೆಟ್ಟ ಊರಿನ ಮಟ್ಟದಿಂದ ಸುಮಾರು 400 ಮೀಟರ್ ಎದ್ದಿದೆ. ಅದು ನಿಮ್ಮ ಉತ್ತರಕ್ಕೆ ಬರುವಂತೆ ನಿಂತರೆ, ಒಂದೂವರೆ ಕಿಲೋಮೀಟರ್ ಹಿಂದೆ ಸರಿದರೂ ಧ್ರುವ ಬಂಡೆಯ ಮರೆಯಲ್ಲೇ. ಹತ್ತಿರದ ಒಂದು ಹುಣಸೆ ಮರವೂ ಇದೇ ಕೆಲಸ ಮಾಡುತ್ತದೆ. ತೋಳು ಚಾಚಿ ಹಿಡಿದ ಮುಷ್ಟಿ 10 ಡಿಗ್ರಿ. ಉತ್ತರ ದಿಗಂತದಲ್ಲಿ ಮರ, ಬಂಡೆ ಒಂದು ಮುಷ್ಟಿಗಿಂತ ಮೇಲೆ ಎದ್ದಿರದಿದ್ದರೆ ಆ ಜಾಗ ಸಾಕು.

ಮಿಡಿಗೇಶಿ ದಾಟಿದ ಮೇಲೆ ಅಂಥ ಬಯಲುಗಳಿವೆ. ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಹೊಲಗಳು ಖಾಲಿ. ಹೊಲದವರನ್ನು ಕೇಳಿ ಬದುವಿನ ಮೇಲೆ ನಿಲ್ಲಬಹುದು. ಬೋರ್‌ವೆಲ್ ಶೆಡ್ಡಿನ ಎಲ್ಇಡಿ ದೀಪ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು, ಕೆಡಲು ಒಂದು ಕ್ಷಣ. ಸಂಜೆ ಮಳೆ ಬಂದು ಬಿಟ್ಟರೆ ಲಾಭವೇ, ಧೂಳು ಕೂತಿರುತ್ತದೆ. ಇಷ್ಟು ಕೆಳಗಿರುವ ನಕ್ಷತ್ರಕ್ಕೆ ಧೂಳೇ ದೊಡ್ಡ ಶತ್ರು.

ಸಪ್ತರ್ಷಿ ಮಂಡಲ ಇಡೀ ರಾತ್ರಿ ಮುಳುಗದೆ ಧ್ರುವನ ಸುತ್ತ ತಿರುಗುವ ಚಿತ್ರ ಎಷ್ಟೋ ಪುಸ್ತಕಗಳಲ್ಲಿದೆ. ಅದು ಲಂಡನ್ನಿಗೆ ಸರಿ, ಪಾವಗಡಕ್ಕಲ್ಲ. ಇಲ್ಲಿ ಎಂದೂ ಮುಳುಗದಿರಲು ನಕ್ಷತ್ರ ಧ್ರುವಬಿಂದುವಿನಿಂದ (ಇಡೀ ಆಕಾಶ ಯಾವುದರ ಸುತ್ತ ತಿರುಗುವಂತೆ ಕಾಣುತ್ತದೋ ಆ ಬಿಂದು) 14 ಡಿಗ್ರಿಯೊಳಗೆ ಇರಬೇಕು. ಸಪ್ತರ್ಷಿಗಳಲ್ಲಿ ಧ್ರುವನಿಗೆ ಅತಿ ಹತ್ತಿರದ ಕ್ರತುವೇ 28 ಡಿಗ್ರಿ ಆಚೆ. ಧ್ರುವನೇ ಇರುವ ಲಘು ಸಪ್ತರ್ಷಿ ಮಂಡಲದ ಕೊಚಾಬ್ ನಕ್ಷತ್ರ ಕೂಡ 16 ಡಿಗ್ರಿ ದೂರವಿದ್ದು ಮುಳುಗುತ್ತದೆ. ಪರಿಧ್ರುವ, ಅಂದರೆ ಎಂದೂ ಮುಳುಗದ್ದು, ಎನ್ನಲು ನಮಗೆ ಉಳಿಯುವುದು ಧ್ರುವ ಮತ್ತು ನಾಲ್ಕಾರು ಮಂಕು ಚುಕ್ಕೆಗಳು. ಆದ್ದರಿಂದ ಇಲ್ಲಿ ತಿಂಗಳು ನೋಡಿ ಹೊರಡಬೇಕು.

ಮೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೆ ಸಪ್ತರ್ಷಿ ಉತ್ತರದಲ್ಲಿ ಮೇಲಿರುತ್ತದೆ, ಸೌಟನ್ನು ಬೋರಲು ಹಾಕಿದ ಹಾಗೆ, ಹಿಡಿ ಬಲಕ್ಕೆ. ಎಡತುದಿಯಲ್ಲಿ ಮೇಲಿನದು ಪುಲಹ, ಕೆಳಗಿನದು ಕ್ರತು. ಪುಲಹನಿಂದ ಕ್ರತುವಿಗೆ ಗೆರೆ ಎಳೆದು ಅದೇ ಅಳತೆಯನ್ನು ಐದು ಸಲ ಕೆಳಕ್ಕೆ ಮುಂದುವರಿಸಿದರೆ ಒಂಟಿಯಾಗಿ ಕಾಣುವುದೇ ಧ್ರುವ. ಬಹಳ ಜನ ಎಡವುವುದು ಇಲ್ಲೇ: ಧ್ರುವ ಝಗಝಗಿಸುತ್ತಾನೆಂದು ನಿರೀಕ್ಷಿಸಿ ಕೊಚಾಬನ್ನು ಹಿಡಿಯುತ್ತಾರೆ. ಒಂದೂವರೆ ಮುಷ್ಟಿಗಿಂತ ಮೇಲಿದ್ದರೆ ಅದು ಧ್ರುವ ಅಲ್ಲವೇ ಅಲ್ಲ.

ನೆಲದ ಮೇಲೆ ಉತ್ತರ ಗುರುತಿಸಲು ಗಾರೆ ಕೆಲಸದ ಎರಡು ತೂಗುಗುಂಡು ಸಾಕು. ಒಂದನ್ನು ಕೊಂಬೆಗೋ ಬಿದಿರಿಗೋ ಎರಡೂವರೆ ಮೀಟರ್ ಎತ್ತರದಿಂದ ಇಳಿಬಿಡಿ, ಗುಂಡು ನೀರಿನ ಬಕೆಟ್ಟಿನಲ್ಲಿ ಮುಳುಗಿರಲಿ. ಇಲ್ಲದಿದ್ದರೆ ಗಾಳಿಗೆ ಆಡುತ್ತಲೇ ಇರುತ್ತದೆ. ಮೂರು ಮೀಟರ್ ದಕ್ಷಿಣಕ್ಕೆ ನಿಂತು ಎರಡನೆಯ ದಾರವನ್ನು ಕಣ್ಣೆದುರು ಹಿಡಿದು, ಎರಡು ದಾರ ಮತ್ತು ಧ್ರುವ ಒಂದೇ ಗೆರೆಗೆ ಬರುವವರೆಗೆ ಪಕ್ಕಕ್ಕೆ ಸರಿಯಿರಿ. ಎರಡೂ ಗುಂಡುಗಳ ಕೆಳಗೆ ಗೂಟ ಹೊಡೆದರೆ ಉತ್ತರ–ದಕ್ಷಿಣ ಸಿಕ್ಕಿತು. ಧ್ರುವ ನಿಜವಾದ ಧ್ರುವಬಿಂದುವಿನಿಂದ ಸುಮಾರು 0.6 ಡಿಗ್ರಿ ಸರಿದಿರುವುದರಿಂದ 10 ಮೀಟರ್ ಗೆರೆಗೆ ಹೆಚ್ಚೆಂದರೆ 11 ಸೆಂಟಿಮೀಟರ್ ತಪ್ಪು. ಹಿಡಿಯ ತುದಿಯ ಮರೀಚಿ ಧ್ರುವನ ನೇರ ಮೇಲೆ ಬಂದಾಗ, ಮೇ ಮಧ್ಯದಲ್ಲಿ ರಾತ್ರಿ ಹತ್ತೂವರೆ ಸುಮಾರಿಗೆ, ಅಳೆದರೆ ಆ ತಪ್ಪೂ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಬೆಳಿಗ್ಗೆ ತಿರುಮಣಿ ಕಡೆಯ ಸೋಲಾರ್ ಪಾರ್ಕಿಗೆ ಹೋದರೆ ಇದೇ ಲೆಕ್ಕ ಹಗಲಲ್ಲಿ ಕಾಣುತ್ತದೆ: ತಿರುಗದ ಫಲಕಗಳು ದಕ್ಷಿಣಕ್ಕೆ ಮುಖ ಮಾಡಿರುತ್ತವೆ. ಶನಿವಾರ ಬೇಡ, ಶನಿಮಹಾತ್ಮ ದೇವಸ್ಥಾನದ ಜನಜಂಗುಳಿಗೆ ಪಾವಗಡದಲ್ಲಿ ರೂಮು ಸಿಗುವುದು ಕಷ್ಟ. ಆಗಸ್ಟ್–ಸೆಪ್ಟೆಂಬರಿನ ರಾತ್ರಿಯೂ ಬೇಡ, ಮೋಡದ ಜೊತೆಗೆ, ಆಗಸ್ಟ್ ಮಧ್ಯದ ರಾತ್ರಿ ಒಂಬತ್ತಕ್ಕೆ ಸಪ್ತರ್ಷಿ ಮತ್ತು ಕ್ಯಾಸಿಯೋಪಿಯಾ (M ಆಕಾರದ ಐದು ನಕ್ಷತ್ರಗಳ ಮಂಡಲ) ಎರಡೂ ದಿಗಂತಕ್ಕೆ ಹತ್ತಿರವೇ ಇರುತ್ತವೆ. ನವೆಂಬರ್ ಕೊನೆಗೆ ಬಂದರೆ ರಾತ್ರಿ ಒಂಬತ್ತಕ್ಕೆ ಕ್ಯಾಸಿಯೋಪಿಯಾ ನೆತ್ತಿಗೂ ದಿಗಂತಕ್ಕೂ ನಡುವೆ ಇರುತ್ತದೆ. ಅದರ ನಡುವಿನ ನಕ್ಷತ್ರದಿಂದ ಮೂರು ಮುಷ್ಟಿ ನೇರ ಕೆಳಗೆ ನೋಡಿದರಾಯಿತು.