ಆ ನೋಟ್‌ಬುಕ್ಕನ್ನು ನಾನೇ ಹೊಗಳಿದ್ದೆ

ನಾನು ನರ್ಸ್. ಊರು ಕುಂದಾಪುರದ ಹತ್ತಿರ, ಕೆಲಸ ಮುಂಬಯಿಯಲ್ಲಿ. ಹದಿನಾರು ವರ್ಷ ಆಯ್ತು. ಮೊದಲ ಹನ್ನೊಂದು ವರ್ಷ ಮುಲುಂಡಿನ ಒಂದು ಹೆರಿಗೆ ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಮಾಡಿದೆ. ಈಗ ಬಾಣಂತಿಯರ ಮನೆಗೇ ಹೋಗಿ ನೋಡುವ ಕೆಲಸ. ಹೊಲಿಗೆ ಒಣಗಿದೆಯಾ ನೋಡುವುದು, ಬಿಪಿ ನೋಡುವುದು, ಮಗುವನ್ನು ತೂಗುವುದು, ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿದ್ದರೆ ಪಕ್ಕದಲ್ಲಿ ಕೂತು ಹಿಂಡಿ ತೆಗೆಯಲು ಕಲಿಸುವುದು. ಭಾಂಡುಪ್, ಕಾಂಜೂರ್, ಮುಲುಂಡ್, ಒಮ್ಮೊಮ್ಮೆ ಡೊಂಬಿವಲಿ ತನಕ.

ಕನ್ನಡದವರ ಮನೆ ಅಂದರೆ ಡಾಕ್ಟರಮ್ಮ ನನ್ನನ್ನೇ ಕಳಿಸುತ್ತಾರೆ. ಮರಾಠಿಯವರಾದ ಅವರಿಗೆ ಕನ್ನಡ ಅಂದರೆ ಎಲ್ಲ ಒಂದೇ. ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದವರ ಮಾತು ನನಗೆ, ನನ್ನ ಕುಂದಾಪ್ರ ಮಾತು ಅವರಿಗೆ, ಮೊದಮೊದಲು ಅರ್ಧಕ್ಕರ್ಧ ಹಾರಿಹೋಗುತ್ತಿತ್ತು. ಎಷ್ಟೋ ಸಲ ಇಬ್ಬರೂ ಕೊನೆಗೆ ಹಿಂದಿಗೆ ಬಂದು ನಕ್ಕಿದ್ದೇವೆ.

ಈಗ ಹೇಳುವುದು ನಾಲ್ಕು ವರ್ಷದ ಹಿಂದೆ ನಾನು ಮಾಡಿದ ತಪ್ಪು. ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಿಸಿದ್ದೇನೆ.

ಭಾಂಡುಪ್‌ನ ಗುಡ್ಡದ ಮೇಲಿನ ಚಾಳು, ಅಂದರೆ ಸಾಲುಮನೆ. ಒಂದೇ ಕೋಣೆ, ಮೇಲೊಂದು ಅಟ್ಟ. ಗಂಡ ಟೆಂಪೊ ಓಡಿಸುತ್ತಾನೆ. ಅವಳಿಗೆ ಇದು ಎರಡನೇ ಹೆರಿಗೆ, ಸಿಸೇರಿಯನ್, ಎರಡನೆಯದೂ ಹೆಣ್ಣು. ಮೊದಲ ಬಾಣಂತನ ಇಂಡಿ ಕಡೆಯ ತವರಲ್ಲಿ ಆಗಿತ್ತು, ಮೂರು ತಿಂಗಳು ನೆಲಕ್ಕೆ ಕಾಲಿಡಲು ಬಿಟ್ಟಿರಲಿಲ್ಲವಂತೆ. ಎರಡನೆಯದಕ್ಕೆ ಹಾಗೆ ಹೋಗಲು ಆಗುತ್ತಾ? ದೊಡ್ಡವಳಿಗೆ ಶಾಲೆ ಇದೆ, ಗಂಡನಿಗೆ ಡಬ್ಬಿ ಕಟ್ಟಬೇಕು. ಹಾಗಾಗಿ ಊರಿಂದ ಅತ್ತೆಯೇ ಬಂದಿದ್ದರು. ಮುಂಬಯಿಯಲ್ಲಿ ಗಂಡಾದರೆ ಪೇಡೆ, ಹೆಣ್ಣಾದರೆ ಬರ್ಫಿ ಹಂಚುತ್ತಾರೆ. ಆ ಮನೆಯಲ್ಲಿ ಎರಡೂ ಹಂಚಿರಲಿಲ್ಲ. ಇದು ನನಗೆ ಆಮೇಲೆ ಗೊತ್ತಾಗಿದ್ದು.

ನಾನು ಹೋದದ್ದು ಒಂಬತ್ತನೇ ದಿನ. ಹೊಲಿಗೆ ಒಣಗಿತ್ತು. ಬಿಪಿ ಸರಿ, ಜ್ವರ ಇಲ್ಲ, ರಕ್ತ ಹೋಗುವುದು ಕಮ್ಮಿಯಾಗುತ್ತಾ ಬಂದಿತ್ತು. ಮಗು ಹುಟ್ಟಿದಾಗಿನ ತೂಕಕ್ಕೆ ಆಗಲೇ ವಾಪಸ್ ಬಂದಿತ್ತು, ಅದು ಒಳ್ಳೆಯ ಲಕ್ಷಣ. ‘ಆರಾಮ ಇದ್ದೀಯಾ?’ ಅಂತ ಕೇಳಿದೆ. ‘ಆರಾಮ್ರೀ’ ಅಂದಳು. ಪಕ್ಕದಲ್ಲೇ ಕೂತಿದ್ದ ಅತ್ತೆಯೂ ‘ಆರಾಮ್ ಅದಾಳ್ರೀ, ಏನೂ ತ್ರಾಸಿಲ್ಲ’ ಅಂದರು.

ಹೊರಡುವಾಗ ಅವಳೇ ದಿಂಬಿನ ಕೆಳಗಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟಳು. ದೊಡ್ಡ ಮಗಳದ್ದು, ಮೊದಲ ನಾಲ್ಕು ಪುಟದಲ್ಲಿ ಮರಾಠಿ ಅಕ್ಷರ ತಿದ್ದಿದ್ದು. ಐದನೇ ಪುಟದಿಂದ ಇವಳ ಬರಹ. ಎಡಕ್ಕೆ 12 ನಿಮಿಷ, ಬಲಕ್ಕೆ 9 ನಿಮಿಷ. ಉಚ್ಚೆ ಎಷ್ಟು ಸಲ, ಕಕ್ಕದ ಬಣ್ಣ ಏನು. ಗೆರೆ ಎಳೆದು, ಅಂಕಿ ಒಂದರ ಕೆಳಗೊಂದು ಬರುವ ಹಾಗೆ, ಎಲ್ಲೂ ಕಾಟು ಹೊಡೆಯದೆ. ರಾತ್ರಿಯದೂ ಇತ್ತು.

1.40 ಮಲಗಿತು. 1.55 ಉಸಿರು ನೋಡಿದೆ. 2.10 ಉಸಿರು ನೋಡಿದೆ. 2.25 ಉಸಿರು ನೋಡಿದೆ. 2.40 ಉಸಿರು ನೋಡಿದೆ.

ನಾನು ಏನಂದೆ ಗೊತ್ತಾ? ‘ಭೇಷ್! ಡಿಗ್ರಿ ಓದಿದವರೂ ಇಷ್ಟು ನೀಟಾಗಿ ಬರೆಯಲ್ಲ ಮಾರಾಯ್ತಿ’ ಅಂದೆ. ಅವಳನ್ನು ಕೇಳಿ ಒಂದು ಪುಟದ ಫೋಟೊ ಕೂಡ ತೆಗೆದುಕೊಂಡೆ. ಆಮೇಲೆ ಎರಡು ಮೂರು ಮನೆಯಲ್ಲಿ ‘ನೋಡಿ, ಹೀಗೆ ಬರೆದಿಡಬೇಕು’ ಅಂತ ತೋರಿಸಿದೆ ಸಹ. ನನ್ನ ರಿಪೋರ್ಟಿನಲ್ಲಿ ‘ತಾಯಿ ಮಗು ಆರೋಗ್ಯ’ ಅಂತ ಬರೆದು ಸಹಿ ಹಾಕಿದೆ.

ಐದನೇ ವಾರ, ಒಂದು ಭಾನುವಾರ, ಬೆಳಗಿನ ಜಾವ ನಾಲ್ಕೂವರೆಗೆ ಗಂಡನ ಫೋನು. ‘ಸಿಸ್ಟರ್, ಈಕಿ ಮೋರ್‍ಯಾಗ ಕುಂತಾಳ್ರೀ. ಹೊರಗ ಬರವಲ್ಲಳು. ಕೂಸಿನ್ನ ಮುಟ್ಟವಲ್ಲಳು.’ ಮೋರಿ ಅಂದರೆ ನಮ್ಮ ಕಡೆಯ ಚರಂಡಿ ಅಲ್ಲ. ಇಲ್ಲಿನ ಚಾಳಿನ ಮನೆಯೊಳಗೆ, ಮೂಲೆಯಲ್ಲಿ, ಸ್ನಾನ ಮಾಡಿ ಪಾತ್ರೆ ತೊಳೆಯುವ ಕಟ್ಟೆ ಕಟ್ಟಿದ ಜಾಗ.

ಆಟೊ ಹಿಡಿದು ಹೋದೆ. ಲೈಟ್ ಹಾಕಬೇಡಿ ಅಂದಳು, ಹಾಕಲಿಲ್ಲ. ಮೋರಿಯ ಕಟ್ಟೆ ಮೇಲೆ ನಾನೂ ಕೂತೆ. ಎಷ್ಟೋ ಹೊತ್ತು ಸುಮ್ಮನಿದ್ದಳು. ಕೈ ಹಿಡಿದರೆ ಹಕ್ಕಿಯ ಎದೆ ಹೊಡೆದುಕೊಳ್ಳುವ ಹಾಗೆ ನಾಡಿ. ಆಮೇಲೆ ಹೇಳಿದಳು, ‘ನಾ ಕಣ್ ಮುಚ್ಚಿದ್ರ ಕೂಸಿನ ಉಸಿರು ನಿಂತು ಹೋಗ್ತೈತಿ ಅನಸ್ತೈತ್ರಿ ಅಕ್ಕಾರ. ನಾ ಇಲ್ಲಂದ್ರ ಅದು ಚಂದ ಬೆಳಿತೈತಿ.’

‘ಇದನ್ನ ಯಾರಿಗಾದರೂ ಹೇಳಿದ್ಯಾ?’ ಅಂತ ಕೇಳಿದೆ.

‘ನಿಮಗ ಬುಕ್ ತೋರ್ಸಿದ್ದೆನಲ್ರೀ.’

ಹದಿನಾರು ವರ್ಷದ ಸರ್ವಿಸ್‌ನಲ್ಲಿ ಡಾಕ್ಟರ ಕೈಲಿ ಬೈಸಿಕೊಂಡಿದ್ದೇನೆ, ಪೇಷೆಂಟ್ ಕಡೆಯವರ ಕೈಲೂ ಬೈಸಿಕೊಂಡಿದ್ದೇನೆ. ಯಾವುದೂ ಈ ಮಾತಿನಷ್ಟು ನಾಟಲಿಲ್ಲ. ಮಗು ನಿದ್ದೆ ಮಾಡುತ್ತಿರುವಾಗ ತಾಯಿ ಹದಿನೈದು ಹದಿನೈದು ನಿಮಿಷಕ್ಕೆ ಎದ್ದು ಕೂತಿದ್ದಾಳೆ ಅಂತ ಗಡಿಯಾರದ ಸಮೇತ ಬರೆದು ಕೊಟ್ಟಿದ್ದಳು. ನಾನು ಅಕ್ಷರ ದುಂಡಗಿದೆ ಅಂತ ನೋಡಿದೆ.

ಅವತ್ತು ಅವಳನ್ನು ಒಂದು ನಿಮಿಷವೂ ಒಬ್ಬಳನ್ನೇ ಬಿಡಲಿಲ್ಲ. ಬೆಳಕಾದ ಮೇಲೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಮನೋರೋಗದ ಡಾಕ್ಟರ್ ನೋಡಿದರು. ಹೆರಿಗೆ ನಂತರದ ಖಿನ್ನತೆ, ಜೊತೆಗೆ ಆತಂಕ ಅಂದರು. ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ಪರೀಕ್ಷೆಗೆ ಬರೆದರು, ಯಾಕೆಂದರೆ ಹೆರಿಗೆ ಆದ ಮೇಲೆ ಥೈರಾಯ್ಡ್ ಏರುಪೇರಾದರೂ ಎದೆ ಹೊಡೆದುಕೊಳ್ಳುತ್ತೆ, ನಿದ್ದೆ ಹೋಗುತ್ತೆ, ರಕ್ತ ಕಮ್ಮಿಯಾದರೂ ಜೀವ ಸೋಲುತ್ತೆ. ಗಂಡನ ಮೊದಲ ಪ್ರಶ್ನೆ, ಗುಳಿಗೆ ತಗೊಂಡರೆ ಹಾಲು ಕುಡಿಸಬಹುದಾ? ಕುಡಿಸಬಹುದಾದ ಗುಳಿಗೆಯನ್ನೇ ಕೊಟ್ಟರು. ಸರ್ಟ್ರಲಿನ್ ತರಹದ್ದು ಹಾಲಿಗೆ ಸೇರುವುದು ತೀರಾ ಕಮ್ಮಿ. ಆದರೆ ಇವತ್ತು ನುಂಗಿದರೆ ನಾಳೆ ನಗುವ ಗುಳಿಗೆ ಅಲ್ಲ, ಕೆಲವು ವಾರ ಬೇಕು, ಸ್ವಲ್ಪ ಚೇತರಿಸಿಕೊಂಡ ಕೂಡಲೇ ತಾವೇ ನಿಲ್ಲಿಸಲೂ ಬಾರದು. ಗುಳಿಗೆಯ ಜೊತೆ ಡಾಕ್ಟರು ಬರೆದ ಇನ್ನೊಂದು ಔಷಧಿ ನನಗೆ ಜಾಸ್ತಿ ಇಷ್ಟವಾಯಿತು. ರಾತ್ರಿ ಒಂದೇ ಸಮನೆ ನಾಲ್ಕೈದು ತಾಸು ಇವಳು ಮಲಗಬೇಕು, ಆ ಹೊತ್ತು ಮಗು ಅತ್ತೆಯ ಹತ್ತಿರ, ಹಿಂಡಿಟ್ಟ ಹಾಲು ಒಂದು ಸಲ ಚಮಚದಲ್ಲಿ.

ಅತ್ತೆ ಅದನ್ನು ಚಾಚೂ ತಪ್ಪದೆ ಮಾಡಿದರು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಕಥೆ ಕೇಳಿದ ಕೂಡಲೇ ಎಲ್ಲರೂ ಅತ್ತೆಯನ್ನು ಹಿಡಿದು ಬೈಯುತ್ತಾರೆ. ಆ ಹೆಂಗಸು ಕೆಟ್ಟವಳಲ್ಲ. ಸೊಸೆ ರಾತ್ರಿ ಎದ್ದು ಕೂರುವುದನ್ನು ನೋಡಿ ‘ಎಷ್ಟು ಕಾಳಜಿ ನೋಡು’ ಅಂದುಕೊಂಡಿದ್ದರು. ನರ್ಸ್ ಆದ ನಾನೇ ಹಾಗೆ ಅಂದುಕೊಂಡಿದ್ದೆನಲ್ಲ.

ನಾನು ಎಡವಿದ್ದು ಎಲ್ಲಿ ಅಂದರೆ, ಅಳುವಿಗಾಗಿ ಕಾಯುತ್ತಿದ್ದೆ. ವಾರ್ಡಿನಲ್ಲಿ ನಮಗೆ ಅಳು ಮಾತ್ರ ಗೊತ್ತು. ಹೆರಿಗೆ ಆಗಿ ಎರಡನೇ ಮೂರನೇ ದಿನಕ್ಕೆ ಹಾಲು ಇಳಿಯುತ್ತೆ, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಎಷ್ಟೋ ಜನ ಕಾರಣವಿಲ್ಲದೆ ಅಳುತ್ತಾರೆ, ಡಿಸ್ಚಾರ್ಜ್ ಕೂಡ ಅದೇ ಆಸುಪಾಸಿನಲ್ಲಿ. ‘ಎಲ್ಲರಿಗೂ ಹೀಗೇ ಆಗುತ್ತೆ, ಸರಿಹೋಗುತ್ತೆ’ ಅಂತ ಸಾವಿರ ಸಲ ಹೇಳಿದ್ದೇನೆ. ಸುಳ್ಳಲ್ಲ, ಹೆಚ್ಚಿನವರಿಗೆ ಎರಡು ವಾರದೊಳಗೆ ಸರಿಹೋಗುತ್ತೆ. ಎರಡು ವಾರ ದಾಟಿದ ಮೇಲೂ ಅದೇ ಮಾತು ಹೇಳುವುದು ತಪ್ಪು. ಮತ್ತೆ, ಕೆಲವರು ಅಳುವುದೇ ಇಲ್ಲ. ಇವಳು ಒಂದು ದಿನವೂ ಅತ್ತಿರಲಿಲ್ಲ.

ಬಾಣಂತಿಯರ ಖಿನ್ನತೆ ಗುರುತಿಸಲು ಎಡಿನ್‌ಬರೋ ಸ್ಕೇಲ್ ಅಂತ ಒಂದು ಪ್ರಶ್ನೆಪಟ್ಟಿ ಇದೆ. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡಿದ್ದು, ಕನ್ನಡದಲ್ಲೂ ಇದೆ. 10 ಪ್ರಶ್ನೆ, ಒಂದೊಂದಕ್ಕೆ 0ರಿಂದ 3 ಅಂಕ, ಕಳೆದ 7 ದಿನ ಹೇಗಿತ್ತು ಅಂತ ಹೇಳಬೇಕು. ಒಟ್ಟು 30ಕ್ಕೆ 13 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ ಹತ್ತಿರ ಕಳಿಸುವುದು ರೂಢಿ. ಅಂಕ ಬಂತು ಅಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ, ಒಂದು ಸಲ ಸರಿಯಾಗಿ ನೋಡಿ ಅಂತ ಅಷ್ಟೇ. ಆ ಘಟನೆ ಆದ ಮೇಲೆ ಅದನ್ನು ಮತ್ತೆ ತೆಗೆದು ಓದಿದೆ. ಅಳು ಬರುವುದು ಒಂಬತ್ತನೇ ಪ್ರಶ್ನೆಯಲ್ಲಿ! ಅದಕ್ಕೂ ಎಷ್ಟೋ ಮೊದಲು, ಮೂರು ನಾಲ್ಕು ಐದರಲ್ಲಿ, ತಪ್ಪಿಲ್ಲದಿದ್ದರೂ ನನ್ನದೇ ತಪ್ಪು ಅನ್ನಿಸುವುದು, ಸುಮ್ನೆ ಆತಂಕ, ಸುಮ್ನೆ ಭಯ. ಹತ್ತನೆಯದು ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂತಾ ಅಂತ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬಾರದು.

ಪಕ್ಕದ ಗೋವಾದಲ್ಲಿ ಡಾಕ್ಟರ್ ವಿಕ್ರಮ್ ಪಟೇಲ್ ಮತ್ತು ಜೊತೆಯವರು ಮಾಡಿದ ಒಂದು ಅಧ್ಯಯನ 2002ರಲ್ಲಿ ಬಂತು. ಹೆರಿಗೆಯಾಗಿ 6ರಿಂದ 8 ವಾರಕ್ಕೆ ನೋಡಿದಾಗ ಶೇಕಡಾ 23 ತಾಯಂದಿರಿಗೆ ಖಿನ್ನತೆ ಇತ್ತು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಜಾಸ್ತಿ ಜನಕ್ಕೆ ಬಸುರಿದ್ದಾಗಲೇ ಮನಸ್ಸು ಸರಿ ಇರಲಿಲ್ಲ. ಬಡತನ, ಗಂಡನ ಜೊತೆ ಸರಿ ಇಲ್ಲದಿರುವುದು, ಹೆಣ್ಣು ಹುಟ್ಟಿದ್ದು, ಇವೆಲ್ಲ ಜೊತೆಗೆ ಬರುತ್ತವೆ ಅಂತಲೂ ಕಂಡಿತ್ತು. ಅದನ್ನು ಓದಿದಾಗ ನನಗೆ ಹಂಚದೇ ಉಳಿದ ಬರ್ಫಿ ನೆನಪಾಯಿತು.

ಈಗ ಏನು ಮಾಡುತ್ತೇನೆ ಅಂದರೆ, ಮೊದಲು ಬಾಣಂತಿ ಒಬ್ಬಳೇ ಸಿಗಬೇಕು. ಹೇಳುವುದು ಸುಲಭ. ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಅತ್ತೆ, ಎಣ್ಣೆ ತಿಕ್ಕಲು ಬರುವ ಮಾಲಿಶ್ ಬಾಯಿ, ಪಕ್ಕದ ಮನೆಯಾಕೆ, ಟಿವಿ ನೋಡುವ ಮೈದುನ, ಎಲ್ಲರೂ ಇರುತ್ತಾರೆ. ‘ಇವಳ ಹತ್ತಿರ ಗುಟ್ಟು ಮಾತಾಡಬೇಕು, ಹೊರಗೆ ಹೋಗಿ’ ಅಂದರೆ ಮುಗಿಯಿತು, ನಾನು ಹೋದ ಮೇಲೆ ಅವಳಿಗೆ ವಿಚಾರಣೆ. ಅದಕ್ಕೆ ‘ಹೊಲಿಗೆ ನೋಡಬೇಕು, ಮಗುವನ್ನು ಎತ್ತಿಕೊಂಡು ಸ್ವಲ್ಪ ಗ್ಯಾಲರಿಯಲ್ಲಿ ಇರಿ’ ಅನ್ನುತ್ತೇನೆ. ಹೊಲಿಗೆ ಅಂದರೆ ಯಾರೂ ಎದುರು ಮಾತಾಡುವುದಿಲ್ಲ, ಗಂಡಸರಂತೂ ಚಪ್ಪಲಿ ಹುಡುಕುತ್ತಾರೆ. ನನಗೆ ಹತ್ತು ನಿಮಿಷ ಸಿಗುತ್ತೆ.

ಆ ಹತ್ತು ನಿಮಿಷದಲ್ಲಿ ‘ಆರಾಮಾ?’ ಅಂತ ಕೇಳುವುದಿಲ್ಲ. ಅದಕ್ಕೆ ಇರುವುದು ಒಂದೇ ಉತ್ತರ. ‘ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತಾ?’ ಅಂತ ಕೇಳುತ್ತೇನೆ. ಮಗು ಬಿಡುವುದಿಲ್ಲ ಅಂದರೆ ಅದು ಎಲ್ಲ ಬಾಣಂತಿಯರ ಪಾಡು. ಮಗು ಬಿಟ್ಟರೂ ಬರುವುದಿಲ್ಲ ಅಂದರೆ ಕೂತು ಮಾತಾಡಬೇಕು. ಖಿನ್ನತೆ, ಡಿಪ್ರೆಶನ್ ಅನ್ನುವ ಮಾತನ್ನು ನಾನು ಮೊದಲು ತೆಗೆಯುವುದಿಲ್ಲ, ಅವರೂ ಹಾಗೆ ಹೇಳುವುದಿಲ್ಲ. ಎದಿ ಡವಡವ ಅಂತೈತಿ, ಜೀವ ತಳಮಳ, ತಲಿ ಜುಂ ಅಂತೈತಿ ಅನ್ನುತ್ತಾರೆ. ಮಂಗಳೂರು ಕಡೆಯವರಾದರೆ ಗ್ಯಾಸ್ ಅನ್ನುತ್ತಾರೆ. ಎಲ್ಲದಕ್ಕೂ ಗ್ಯಾಸ್.

ಹಾಗಂತ ಎಲ್ಲವೂ ಮನಸ್ಸಿನದೇ ಅಂತ ಹೊರಟರೆ ಇನ್ನೊಂದು ಕಡೆ ಬೀಳುತ್ತೇವೆ. ಕಳೆದ ವರ್ಷ ಒಬ್ಬಳು ಆರನೇ ದಿನ ‘ತಲೆ ಸಿಡಿಯುತ್ತೆ, ಯಾರೂ ಮಾತಾಡಿಸಬೇಡಿ’ ಅಂತ ಗೋಡೆ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಇಲ್ಲದ್ದಕ್ಕೆ ಅಂತ ಮನೆಯವರು. ಬಿಪಿ ನೋಡಿದರೆ 160ರ ಮೇಲೆ. ಹೆರಿಗೆ ಆದ ಮೇಲೂ ಬಿಪಿ ಹೀಗೆ ಏರಬಹುದು, ಫಿಟ್ಸ್ ಬರಬಹುದು. ನೇರ ಆಸ್ಪತ್ರೆಗೆ ಓಡಿಸಿದೆ.

ನಮ್ಮ ಅಜ್ಜಿಯರು ಹೇಳುತ್ತಿದ್ದ ಬಾಣಂತಿ ಸನ್ನಿ ಇದೆಯಲ್ಲ, ಅದು ಇನ್ನೂ ಬೇರೆ. ಸಾವಿರಕ್ಕೆ ಒಬ್ಬಿಬ್ಬರಿಗೆ ಬರುತ್ತೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಇಲ್ಲದ ದನಿ ಕೇಳುವುದು, ಮಗು ನನ್ನದಲ್ಲ ಅನ್ನುವುದು, ಅಸಂಬದ್ಧ ಮಾತು. ಅದಕ್ಕೆ ತಾಯಿತ, ದೃಷ್ಟಿ ಅಂತ ಒಂದು ದಿನವೂ ಕಳೆಯಬಾರದು, ಅದು ಎಮರ್ಜೆನ್ಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡ್ 2009ರಿಂದ ಇದೆ. ಎಲ್ಲಿ ಹೋಗಬೇಕು ಗೊತ್ತಾಗದವರಿಗೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಫೋನ್ ನಂಬರ್ 14416, ದಿನದ 24 ಗಂಟೆಯೂ. ಕನ್ನಡದಲ್ಲೂ ಮಾತಾಡಬಹುದು.

ಬಾಣಂತನದ ಬಗ್ಗೆ ನನ್ನದೊಂದು ಮಾತು. ಮೂಢನಂಬಿಕೆ ಅಂತ ನಾನೂ ಮೊದಲು ಮೂಗು ಮುರಿಯುತ್ತಿದ್ದೆ. ಬಾಗಿಲು ಮುಚ್ಚಿ ಹೊಗೆ ಹಾಕುವುದು, ನೀರು ಕೊಡದೆ ಬಾಯಿ ಒಣಗಿಸುವುದು, ಗಿಣ್ಣುಹಾಲು ಹಿಂಡಿ ಚೆಲ್ಲುವುದು, ಇವಕ್ಕೆ ಈಗಲೂ ಜಗಳ ಆಡುತ್ತೇನೆ. ಆದರೆ ಬಿಸಿನೀರು ಹುಯ್ಯುವುದು, ಹೊತ್ತಿಗೆ ಸರಿಯಾಗಿ ಕೈಗೆ ತಟ್ಟೆ ಕೊಡುವುದು, ಅಂಟಿನುಂಡಿ ಕಟ್ಟಿಡುವುದು, ಮನೆಕೆಲಸಕ್ಕೆ ಕೈ ಹಾಕಲು ಬಿಡದಿರುವುದು, ಇದಕ್ಕಿಂತ ದೊಡ್ಡ ಮನಸ್ಸಿನ ಔಷಧಿ ನನ್ನ ಚೀಲದಲ್ಲಿ ಇಲ್ಲ. ಮುಂಬಯಿಗೆ ಬರುವಷ್ಟರಲ್ಲಿ ಆ ಬಾಣಂತನದಲ್ಲಿ ಕಟ್ಟುನಿಟ್ಟು ಮಾತ್ರ ಉಳಿದು, ಕೈಗೆ ಕೈ ಕೊಡುವ ನಾಲ್ಕು ಹೆಂಗಸರು ಊರಲ್ಲೇ ಉಳಿದುಬಿಡುತ್ತಾರೆ. ಈಗ ಗಂಡಂದಿರಿಗೆ ಎದುರಲ್ಲಿ ಕೂರಿಸಿ ಹೇಳುತ್ತೇನೆ, ರಾತ್ರಿ ಹನ್ನೊಂದರಿಂದ ಮೂರು ನಿನ್ನ ಪಾಳಿ ಅಂತ. ಟೆಂಪೊದವನಿಗೆ, ಹೋಟೆಲಿನವನಿಗೆ ಪಾಳಿ ಅಂದರೆ ಚೆನ್ನಾಗಿ ಅರ್ಥ ಆಗುತ್ತೆ.

ನೋಟ್‌ಬುಕ್ಕಿನ ಹುಡುಗಿ ಚೆನ್ನಾಗಿದ್ದಾಳೆ. ಚಿಕ್ಕವಳು ಈಗ ಬಾಲವಾಡಿಗೆ ಹೋಗುತ್ತಾಳೆ. ಮೊನ್ನೆ ಅದೇ ಚಾಳಿನಲ್ಲಿ, ಅವರ ಸಾಲಿನದೇ ಇನ್ನೊಂದು ಮನೆಗೆ ಬಾಣಂತಿ ನೋಡಲು ಹೋಗಿದ್ದೆ. ಕೋಣೆ ತುಂಬ ಜನ. ನಾನು ಚೀಲ ಕೆಳಗಿಡುವ ಮೊದಲೇ ನೋಟ್‌ಬುಕ್ಕಿನ ಹುಡುಗಿಯ ಅತ್ತೆಯವರು ಬಾಗಿಲಲ್ಲಿ ನಿಂತು, ‘ಎದ್ದೇಳ್ರಿ, ಎಲ್ಲಾರೂ ಹೊರಗ ನಡೀರಿ, ಸಿಸ್ಟರ್ ಹೊಲಿಗಿ ನೋಡಬೇಕು’ ಅಂತ ಗದರಿ, ಮಗುವನ್ನೂ ಎತ್ತಿಕೊಂಡು ಗ್ಯಾಲರಿಗೆ ಹೋದರು.

ಆ ಹುಡುಗಿಗೆ ಹೆರಿಗೆಯಾಗಿ ನಲವತ್ತು ದಿನ ಆಗಿತ್ತು. ನಾರ್ಮಲ್. ಹೊಲಿಗೆಯೇ ಇರಲಿಲ್ಲ.