ಅಪ್ಪನಿಗೆ ಮನೆಗೆ ಬರುವ ಡಾಕ್ಟರನ್ನು ಆರಿಸಿಕೊಂಡದ್ದು

ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ಗೊತ್ತಾಗಿ ಒಂಬತ್ತು ವರ್ಷಗಳಾದವು. ಮೊದಲ ಆರು ವರ್ಷ ಮೂರು ತಿಂಗಳಿಗೊಮ್ಮೆ ಮೈಸೂರಿನಿಂದ ಬೆಂಗಳೂರಿಗೆ ಹೋಗಿ ನರರೋಗ ತಜ್ಞರಿಗೆ ತೋರಿಸಿ, ಅದೇ ದಿನ ಸಂಜೆಯ ರೈಲಿಗೆ ಹಿಂದಿರುಗುತ್ತಿದ್ದೆವು. ಏಳನೆಯ ವರ್ಷದಲ್ಲಿ ಹೊಸ್ತಿಲ ಬಳಿ ಬಂದರೆ ಸಾಕು, ಅವರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡತೊಡಗಿತು. ರೈಲು ಹತ್ತಿಸಿ ಇಳಿಸುವುದಿರಲಿ, ಮನೆಯಿಂದ ಆಟೋವರೆಗೆ ಕರೆದೊಯ್ಯುವುದೇ ಇಡೀ ಬೆಳಗಿನ ಕೆಲಸವಾಯಿತು. ಜ್ವರ, ಮಲಬದ್ಧತೆ, ಮೂತ್ರದ ಸೋಂಕು ಇಂಥವಕ್ಕೆಲ್ಲ ಬೆಂಗಳೂರಿನ ತಜ್ಞರನ್ನು ಕಾಯುವಂತಿರಲಿಲ್ಲ. ಹಾಗಾಗಿ ಮನೆಗೇ ಬಂದು ನೋಡುವ ಡಾಕ್ಟರೊಬ್ಬರು ಬೇಕೆಂದು ನಿರ್ಧರಿಸಿದೆವು.

ಆಗ ನಾನು ಒಂದು ತಪ್ಪು ಮಾಡಿದೆ. ಹತ್ತಿರದಲ್ಲಿ ಯಾರಿದ್ದಾರೆ, ಕರೆದರೆ ಬೇಗ ಬರುತ್ತಾರೆಯೇ ಎಂಬುದನ್ನಷ್ಟೇ ವಿಚಾರಿಸಿದೆ. ಒಂದು ರಾತ್ರಿ ಅಪ್ಪನಿಗೆ ವಾಂತಿ ನಿಲ್ಲದಾದಾಗ ಬಡಾವಣೆಯ ವೈದ್ಯರೊಬ್ಬರು ಹತ್ತೇ ನಿಮಿಷದಲ್ಲಿ ಬಂದರು, ಕಾಳಜಿಯಿಂದಲೇ ನೋಡಿದರು, ಮೆಟೊಕ್ಲೋಪ್ರಮೈಡ್ ಚುಚ್ಚುಮದ್ದು ಕೊಟ್ಟರು. ವಾಂತಿ ನಿಂತಿತು. ಆದರೆ ಮರುದಿನ ಬೆಳಗ್ಗೆ ಅಪ್ಪನ ಮೈ ಮರದ ತುಂಡಿನಂತೆ ಬಿಗಿದುಕೊಂಡಿತ್ತು; ಮೂರು ದಿನ ಹಾಸಿಗೆಯಿಂದ ಏಳಲಾಗಲಿಲ್ಲ, ಚಮಚದಲ್ಲಿ ಕೊಟ್ಟ ಗಂಜಿ ಕೂಡ ಬಾಯಲ್ಲೇ ನಿಲ್ಲುತ್ತಿತ್ತು. ಪಾರ್ಕಿನ್ಸನ್ ಇರುವವರ ಮೆದುಳಿನಲ್ಲಿ ಮೈಯ ಚಲನೆಯನ್ನು ನಡೆಸುವ ಡೋಪಮಿನ್ ಎಂಬ ರಾಸಾಯನಿಕ ಮೊದಲೇ ಕಡಿಮೆಯಿರುತ್ತದೆ, ಈ ಔಷಧಿ ಇರುವಷ್ಟು ಡೋಪಮಿನ್ನಿನ ಕೆಲಸಕ್ಕೂ ಅಡ್ಡ ನಿಲ್ಲುತ್ತದೆ ಎಂಬುದನ್ನು ತಜ್ಞರು ಫೋನಿನಲ್ಲಿ ವಿವರಿಸಿದ ಮೇಲಷ್ಟೇ ನನಗೆ ತಿಳಿಯಿತು. ವಾಂತಿಗೂ ತಲೆಸುತ್ತಿಗೂ ಕೊಡುವ ಪ್ರೋಕ್ಲೋರ್‌ಪೆರಾಜಿನ್, ರೋಗಿ ಗಾಬರಿಯಿಂದ ಕೂಗಾಡಿದಾಗ ಕೊಡುವ ಹ್ಯಾಲೊಪೆರಿಡಾಲ್ ಕೂಡ ಇದೇ ಜಾತಿಯವು. ವಾಂತಿಗೇ ಕೊಡುವ ಇನ್ನೊಂದು ಔಷಧಿ ಡೊಂಪೆರಿಡೋನ್ ಮೆದುಳಿನೊಳಕ್ಕೆ ಹೆಚ್ಚು ಹೋಗುವುದಿಲ್ಲವಾದ್ದರಿಂದ, ಹೃದಯದ ತೊಂದರೆ ಇಲ್ಲದವರಿಗೆ ಅದನ್ನು ಬಳಸುತ್ತಾರೆ. ಆ ರಾತ್ರಿ ಬಂದ ವೈದ್ಯರನ್ನು ನಾನು ದೂರುವುದಿಲ್ಲ. ಈ ಕಾಯಿಲೆಯನ್ನು ಮೊದಲು ನೋಡಿದ್ದೀರಾ ಎಂದು ಕೇಳಬೇಕಾಗಿದ್ದವನು ನಾನು.

ಆಮೇಲೆ ಮೂವರನ್ನು ಕಂಡೆವು. ಮೊದಲನೆಯವರು ಒಳ್ಳೆಯ ಹೆಸರಿದ್ದವರಾದರೂ ರೋಗಿಯನ್ನು ಬಿಟ್ಟು ನನ್ನೊಂದಿಗೇ ಮಾತಾಡಿದರು. ಎರಡನೆಯವರು ತಮಗೆ ಈ ಕಾಯಿಲೆಯ ಅನುಭವ ಕಡಿಮೆ ಎಂದು ಪ್ರಾಮಾಣಿಕವಾಗಿ ಹೇಳಿ, ಬೇರೊಬ್ಬರ ಹೆಸರನ್ನು ಸೂಚಿಸಿದರು. ಅವರ ಆ ಮಾತಿಗೆ ನಾನು ಇಂದಿಗೂ ಋಣಿ.

ಮೂರನೆಯವರು ಬಂದವರೇ ಅಪ್ಪನ ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು, “ಮೇಷ್ಟ್ರೇ, ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ?” ಎಂದು ಕೇಳಿದರು. ಅಪ್ಪನ ಉತ್ತರ ಹೊರಡಲು ಬಹಳ ಸಮಯ ಹಿಡಿಯುತ್ತದೆ, ದನಿಯೂ ತೀರಾ ಕ್ಷೀಣವಾಗಿದೆ. ಅಭ್ಯಾಸದಂತೆ ನಾನೇ ಬಾಯಿ ತೆರೆದಾಗ ಅವರು ನನ್ನ ಕಡೆ ನೋಡದೆ ಕೈಯನ್ನು ಸ್ವಲ್ಪ ಎತ್ತಿ ತಡೆದರು, ಮತ್ತು ಕಾದರು. “ಐದೂವರೆಗೆ ಎಚ್ಚರವಾಗುತ್ತದೆ. ಆದರೆ ಮೈ ಏಳುವುದು ಏಳಕ್ಕೆ,” ಎಂದರು ಅಪ್ಪ. ಪಾರ್ಕಿನ್ಸನ್ನಿಗೆ ಕೊಡುವ ಲೆವೊಡೋಪಾ ಎಂಬ ಔಷಧಿ ಇರುವ, ಆರು ಗಂಟೆಯ ಸಿಂಡೋಪಾ ಮಾತ್ರೆ ಹತ್ತುವುದಕ್ಕೆ ಅಷ್ಟು ಹೊತ್ತು ಬೇಕೆಂಬುದು ಆ ಒಂದು ಮಾತಿನಿಂದಲೇ ಡಾಕ್ಟರಿಗೆ ಅರ್ಥವಾಯಿತು. ಮಾತ್ರೆಗೂ ತಿಂಡಿಗೂ ಎಷ್ಟು ಅಂತರವಿದೆಯೆಂದು ಅವರು ಅಮ್ಮನನ್ನು ಕೇಳಿದರು. ಹಾಲು, ಬೇಳೆಗಳಲ್ಲಿರುವ ಪ್ರೋಟೀನು ಲೆವೊಡೋಪಾ ರಕ್ತಕ್ಕೆ ಸೇರುವುದನ್ನು ತಡೆಯಬಲ್ಲದು, ಆದ್ದರಿಂದ ಮಾತ್ರೆಯನ್ನು ತಿಂಡಿಗಿಂತ ಅರ್ಧ ಗಂಟೆ ಮೊದಲೇ ಕೊಡುವುದು ಒಳ್ಳೆಯದು ಎಂದರು. ಅಮ್ಮ ಅಲ್ಲಿಯವರೆಗೂ ಬೆಳಗಿನ ಮಾತ್ರೆಯನ್ನು ಹಾಲಿನ ಲೋಟದ ಜೊತೆಗೇ ಕೊಡುತ್ತಿದ್ದರು.

ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷವಾದ ಮೇಲೆ ಇನ್ನೊಮ್ಮೆ ಬಿಪಿ ನೋಡಿದರು. ಒಂದು ಗುಟುಕು ನೀರು ಕುಡಿಸಿ ಗಂಟಲ ಕಡೆಗೆ ಕಿವಿಗೊಟ್ಟರು, ಕುಡಿದ ಮೇಲೆ ಹೆಸರು ಹೇಳಿಸಿ ದನಿಯಲ್ಲಿ ನೀರಿನ ಗೊರಗೊರ ಇದೆಯೇ ಎಂದು ಪರೀಕ್ಷಿಸಿದರು. ಕೊನೆಗೆ ಹಾಳೆಯ ಮೇಲೆ ಒಂದು ಸಾಲು ಬರೆಯಲು ಹೇಳಿದರು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಮುತ್ತು ಪೋಣಿಸಿದಂತೆ ಬರೆದ ಅಪ್ಪನ ಅಕ್ಷರ ಸಾಲಿನ ಮೊದಲಲ್ಲಿ ಕಡಲೆಕಾಳಿನಷ್ಟಿದ್ದು, ಕೊನೆಗೆ ಬರುವ ಹೊತ್ತಿಗೆ ಸಾಸಿವೆಯಷ್ಟಾಗಿತ್ತು. ಡಾಕ್ಟರು ಆ ಹಾಳೆಗೆ ದಿನಾಂಕ ಹಾಕಿ, ಮುಂದಿನ ಸಲ ಹೋಲಿಸಿ ನೋಡಲು ಕಡತದಲ್ಲಿ ಇಡುವಂತೆ ನನಗೆ ಕೊಟ್ಟರು.

ಅವರು ಹೊರಟಾಗ ನಾನು ಗೇಟಿನ ಬಳಿ ನಿಲ್ಲಿಸಿ ಕೆಲವು ಪ್ರಶ್ನೆಗಳನ್ನು ಕೇಳಿದೆ. ರಾತ್ರಿ ಕರೆದರೆ ಬರುತ್ತೀರಾ? ನೀವು ಊರಲ್ಲಿಲ್ಲದಾಗ ಯಾರು? ಬೆಂಗಳೂರಿನ ತಜ್ಞರೊಂದಿಗೆ ನೇರವಾಗಿ ಮಾತಾಡಲು ಅಡ್ಡಿಯಿಲ್ಲವೇ? ಹತ್ತು ಗಂಟೆಯ ಮೇಲೆ ತಾವು ಬರುವುದಿಲ್ಲ, ಫೋನಿನಲ್ಲಿ ಸಿಗುತ್ತೇವೆ, ಉಸಿರಾಟದ ತೊಂದರೆಯಾದರೆ ತಮ್ಮನ್ನು ಕಾಯದೆ ಆಂಬ್ಯುಲೆನ್ಸ್ ಕರೆಯಿರಿ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಎಲ್ಲಕ್ಕೂ ಹೂಂ ಎನ್ನುವವರಿಗಿಂತ ಹೀಗೆ ಗೆರೆ ಎಳೆದು ಹೇಳುವವರ ಮೇಲೆ ನನಗೆ ಹೆಚ್ಚು ಭರವಸೆ ಹುಟ್ಟುತ್ತದೆ. ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇತ್ತು, ಅದನ್ನೂ ಪರಿಶೀಲಿಸಿದೆ. ಹಾಗೆ ಮಾಡುವುದು ಅವಮಾನವೆಂದು ಯಾರೂ ಭಾವಿಸಬೇಕಾಗಿಲ್ಲ.

ಒಂದು ಪ್ರಶ್ನೆಯನ್ನು ಕೇಳಲು ನನಗೆ ಎರಡು ತಿಂಗಳು ಬೇಕಾಯಿತು. ಅಪ್ಪ ಮನೆಯಲ್ಲೇ ತೀರಿಕೊಂಡರೆ ಸಾವಿನ ಕಾರಣದ ಪ್ರಮಾಣಪತ್ರವನ್ನು ಯಾರು ಕೊಡುತ್ತಾರೆ? ಆಸ್ಪತ್ರೆಯ ಹೊರಗಿನ ಸಾವಿಗೆ ಅದನ್ನು ನಮೂನೆ 4ಎಯಲ್ಲಿ ಬರೆಯಬೇಕು, ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯರೇ ಕೊಡಬೇಕು. ರೋಗಿಯನ್ನು ಎಂದೂ ನೋಡದವರು ಹಿಂಜರಿಯುವುದು ಸಹಜ, ಮನೆಯವರು ದುಃಖದ ನಡುವೆ ಡಾಕ್ಟರನ್ನು ಹುಡುಕಿಕೊಂಡು ಅಲೆಯುವುದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. “ಕೊಡುತ್ತೇನೆ. ಅದಕ್ಕೇ ತಿಂಗಳಿಗೊಮ್ಮೆಯಾದರೂ ನಾನು ಅವರನ್ನು ನೋಡುತ್ತಿರಬೇಕು,” ಎಂದರು ಅವರು.

ಇದಕ್ಕಿಂತ ಕಷ್ಟದ ಮಾತನ್ನು ಎತ್ತಿದವರು ಅಪ್ಪ. ಮುಂದೆ ನುಂಗಲು ಆಗದೇ ಹೋದಾಗ ಹೊಟ್ಟೆಗೆ ನಳಿಕೆ ಹಾಕಬೇಕೇ, ವೆಂಟಿಲೇಟರಿಗೆ ಹಾಕಬೇಕೇ ಎಂಬುದನ್ನು ಅವರು ಡಾಕ್ಟರೊಂದಿಗೆ ಎರಡು ಭೇಟಿಗಳಲ್ಲಿ ಚರ್ಚಿಸಿದರು. ಮುಂದೆ ತನಗೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳಗೊಳಿಸಿದ್ದರಿಂದ ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದರ ಜಾರಿಗೆ ಆದೇಶ ಹೊರಡಿಸಿದೆ. ಡಾಕ್ಟರನ್ನು ನಾವು ಇನ್ನೊಂದು ವರ್ಷ ತಡವಾಗಿ ಹುಡುಕಿದ್ದರೆ ಅಪ್ಪನ ದನಿ ಈ ಮಾತುಕತೆಗೆ ಒದಗುತ್ತಿರಲಿಲ್ಲ. ಮೂವರಲ್ಲಿ ಯಾರು ಬೇಕೆಂದು ಆರಿಸಿದವರೂ ಅವರೇ. “ಕಾಯುತ್ತಾರಲ್ಲ, ಅವರು,” ಎಂದಷ್ಟೇ ಹೇಳಿದ್ದರು.

ಅಪ್ಪನಿಗೆ ಕೊಡಬಾರದ ಔಷಧಿಗಳ ಹೆಸರು, ಮಾತ್ರೆಯ ನಾಲ್ಕು ಹೊತ್ತುಗಳು, ಇಬ್ಬರು ಡಾಕ್ಟರುಗಳ ದೂರವಾಣಿ ಸಂಖ್ಯೆಗಳು ಈಗ ಒಂದೇ ಹಾಳೆಯಲ್ಲಿ ಫ್ರಿಜ್ಜಿನ ಬಾಗಿಲ ಮೇಲಿವೆ. ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು ಎಂಬ ಸಾಲನ್ನು ಡಾಕ್ಟರೇ ಕೆಂಪು ಶಾಯಿಯಲ್ಲಿ ಸೇರಿಸಿದ್ದಾರೆ. ಅದರ ಕೆಳಗೆ ಅಪ್ಪ ತಮ್ಮ ಸಾಸಿವೆಯಷ್ಟು ಅಕ್ಷರದಲ್ಲಿ ಸಹಿ ಹಾಕಿದ್ದಾರೆ.