‘ಎಷ್ಟು ಕೊಟ್ಟು ಕಳಿಸಿದ್ರು ಮೇಷ್ಟ್ರೆ?’

ಕಾಲೇಜು ನನ್ನನ್ನು ಕೆಲಸದಿಂದ ತೆಗೆದ ಮೇಲೆ ಎಲ್ಲರೂ ಕೇಳುವುದು ಇದನ್ನೇ. ಏನೂ ಕೊಡಲಿಲ್ಲ. ಉತ್ತರ ಇಷ್ಟೇ. ಇಷ್ಟಕ್ಕೆ ಯಾರೂ ಬಿಡುವುದಿಲ್ಲ ಅನ್ನುವುದೇ ತೊಂದರೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಿಕ್ಕವರಿಗೆಲ್ಲ ವಿವರಿಸಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ, ಓದಿಕೊಳ್ಳಿ.

ಮೆಕ್ಯಾನಿಕಲ್ ಸೀಟು ತುಂಬಲಿಲ್ಲ, ಕಂಪ್ಯೂಟರ್ ಸೈನ್ಸ್ ಸೆಕ್ಷನ್ ಜಾಸ್ತಿಯಾದವು, ಖಾಸಗಿ ಇಂಜಿನಿಯರಿಂಗ್ ಕಾಲೇಜಿಗೆ ನಾವು ಹೆಚ್ಚುವರಿಯಾದೆವು. ಅದಾದ ಮೇಲೆ ಒಂದು ಮದುವೆ. ವಸಂತನರಸಾಪುರದ ಕಾರ್ಖಾನೆಯಲ್ಲಿರುವ ನನ್ನ ಷಡ್ಡಕ ಊಟದ ಪಂಕ್ತಿಯಲ್ಲಿ, ಒಬ್ಬಟ್ಟಿಗೆ ತುಪ್ಪ ಬೀಳುವ ಹೊತ್ತಿಗೆ, ನಾಲ್ಕು ಎಲೆಗೆ ಕೇಳುವಂತೆ ಈ ಪ್ರಶ್ನೆ ಹಾಕಿದ. ತವರಿನವರು ಮಡಿಲು ತುಂಬಿ ಕಳಿಸಿದರೇನೋ ಅನ್ನುವ ಧಾಟಿ. “ನಿಮ್ದು ಸಂಘ ಇತ್ತಲ್ಲ? ನಮ್ಮಲ್ಲಿ ಕೆಲಸದಿಂದ ತೆಗೆದ್ರೆ, ದುಡಿದ ಒಂದೊಂದು ವರ್ಷಕ್ಕೆ ಹದಿನೈದು ದಿನದ ಸಂಬಳ ಅಂತ ಲೆಕ್ಕ ಹಾಕ್ತಾರೆ.”

ಇತ್ತಪ್ಪ, ಸಂಘ ಇತ್ತು. ಶಿಕ್ಷಕರ ದಿನಾಚರಣೆಗೆ ಶಾಲು ತರುತ್ತಿತ್ತು. ಅದು ಗಟ್ಟಿಯಾಗಿದ್ದಿದ್ದರೂ ಈ ಲೆಕ್ಕ ನಮಗೆ ಅನ್ವಯಿಸುತ್ತಿರಲಿಲ್ಲ. ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ಸಂಸ್ಥೆಯೂ ‘ಕೈಗಾರಿಕೆ’ಯೇ ಅಂದಿತು. 1988ರಲ್ಲಿ, ಗೋವಾದ ಶಿಕ್ಷಕಿ ಸುಂದರಾಂಬಾಳ್ ಅವರ ಪ್ರಕರಣದಲ್ಲಿ, ಪಾಠ ಹೇಳುವವರು ‘ಕಾರ್ಮಿಕ’ರಲ್ಲ ಅಂದಿತು. ಅಂದರೆ ಕಾಲೇಜು ಕೈಗಾರಿಕೆ, ಅದರ ಬಸ್ ಓಡಿಸುವವನು ಕಾರ್ಮಿಕ, ಮೇಷ್ಟ್ರು ಮಾತ್ರ ಪೂಜ್ಯರು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಆ ಹದಿನೈದು ದಿನ ಡ್ರೈವರಿಗೆ ಇತ್ತು, ನಮಗಿರಲಿಲ್ಲ.

“ಹಂಗಾದ್ರೆ ನೀವು ಡ್ರೈವರೇ ಆಗಬೇಕಿತ್ತು ಬಿಡಿ!” ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಬಾಯಲ್ಲಿ ಒಬ್ಬಟ್ಟಿತ್ತು.

ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಸಿಗುವ ಮೊತ್ತ, ಬಂತು, ನಿಜ. ಅದನ್ನು ಪರಿಹಾರ ಅಂತ ಕರೆದರೆ ನನಗೆ ರೇಗುತ್ತದೆ. ಅದು ಕಳಿಸಿದ್ದಕ್ಕೆ ಕೊಟ್ಟ ದುಡ್ಡಲ್ಲ, ದುಡಿದಿದ್ದರ ಬಾಕಿ. ಅದಕ್ಕೂ ಶಿಕ್ಷಕರು ಕಾದಿದ್ದಾರೆ: 2004ರಲ್ಲಿ ಕೋರ್ಟು ಇಲ್ಲ ಅಂತು, 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ 1997ರ ಏಪ್ರಿಲ್ 3ರಿಂದಲೇ ಅನ್ವಯಿಸಿತು, ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿ 2022ರಲ್ಲಿ ಸೋತವು. ಕೊನೆಯ ತಿಂಗಳ ಮೂಲವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 52,000 ಇದ್ದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ: ದುಡಿದ ಒಂದು ವರ್ಷಕ್ಕೆ 30,000. ಹತ್ತು ವರ್ಷಕ್ಕೆ ಮೂರು ಲಕ್ಷ. ರಾಜೀನಾಮೆ ಕೊಟ್ಟರೂ ಬರುತ್ತದೆ. ಆದ್ದರಿಂದ “ಸಹಿ ಹಾಕಿದರೆ ಗ್ರಾಚ್ಯುಟಿ ಕೊಡ್ತೀವಿ” ಅನ್ನುವ ಆಡಳಿತ ಮಂಡಳಿ ನಿಮ್ಮ ಜೇಬಿನ ದುಡ್ಡನ್ನೇ ನಿಮಗೆ ತೋರಿಸುತ್ತಿದೆ.

ಕೇಳಬೇಕಾದ್ದು ಇದು: ಯಾವ ಕಾಗದಕ್ಕೆ ಸಹಿ ಹಾಕಿದಿರಿ? ಇದನ್ನು ಯಾರೂ ಕೇಳಲಿಲ್ಲ.

ಖಾಸಗಿ ಕಾಲೇಜಿನಲ್ಲಿ ಕಡತದ ಪ್ರಕಾರ ಯಾರನ್ನೂ ತೆಗೆಯುವುದಿಲ್ಲ, ಎಲ್ಲರೂ ತಾವಾಗಿಯೇ ಹೋಗುತ್ತಾರೆ. ನನ್ನ ಮುಂದಿಟ್ಟ ಹಾಳೆಯಲ್ಲಿ ‘ವೈಯಕ್ತಿಕ ಕಾರಣಗಳಿಂದ’ ಅಂತ ಟೈಪ್ ಆಗಿತ್ತು. ದಿನಾಂಕದ ಜಾಗ ಖಾಲಿ. ನನ್ನ ಇನಿಷಿಯಲ್ ತಪ್ಪಾಗಿತ್ತು, ಬೇರೆ ಯಾರದೋ ಪತ್ರಕ್ಕೆ ನನ್ನ ಹೆಸರು ಕೂರಿಸಿದ್ದರು. ಸಹಿಗೆ ಎರಡು ತಿಂಗಳ ಸಂಬಳ, ಅದೂ ಬಾಯಿ ಮಾತಿನಲ್ಲಿ. ನಮ್ಮ ಅಸಲಿ ಅಂಕಪಟ್ಟಿಗಳು ಅವರ ಬೀರುವಿನಲ್ಲಿದ್ದವು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ, ಮಾತಾಡುವ ಅಗತ್ಯವೂ ಇರಲಿಲ್ಲ.

ಕೆಲಸದಿಂದ ತೆಗೆದ ಆದೇಶ ಕೈಗೆ ಬಂದರೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಜಿಲ್ಲಾ ನ್ಯಾಯಾಧೀಶರೇ ಕೇಳುತ್ತಾರೆ. ರಾಜೀನಾಮೆ ಬರೆದುಕೊಟ್ಟ ಮೇಲೆ ‘ತೆಗೆದರು’ ಅಂತ ಸಾಬೀತು ಮಾಡುವ ಹೊರೆ ನಿಮ್ಮ ತಲೆ ಮೇಲೆ. ಎರಡು ತಿಂಗಳ ಸಂಬಳಕ್ಕೆ ಅವರು ಕೊಳ್ಳುವುದು ಈ ಮೂರು ತಿಂಗಳನ್ನು.

ಸಹಿ ಹಾಕಿದ ಗೆಳೆಯರನ್ನು ನಾನು ಬೈಯುವುದಿಲ್ಲ. ಒಬ್ಬನಿಗೆ ಬೆಂಗಳೂರಲ್ಲಿ ಕೆಲಸ ಖಾತ್ರಿಯಾಗಿತ್ತು, ಕೇಸು ಯಾಕೆ ಬೇಕು? ಅವನು ಮೊತ್ತವನ್ನು ಪತ್ರದಲ್ಲೇ ಬರೆಸಿ, ಅಂಕಪಟ್ಟಿ ಕೈಗೆ ಬಂದ ಮೇಲೆ ಪೆನ್ನು ತೆಗೆದ. ಅದು ಲೆಕ್ಕ ಗೊತ್ತಿದ್ದವನ ಕೆಲಸ.

ನಾನು ಹಾಕಲಿಲ್ಲ. ಆದೇಶ ಬಂತು, ಮೇಲ್ಮನವಿ ಹಾಕಿದೆ, ದಿನಾಂಕ ದಸರಾ ರಜೆ ಕಳೆದ ಮೇಲಕ್ಕೆ ಹೋಗಿದೆ. ಸದ್ಯಕ್ಕೆ ಮನೆಯಲ್ಲೇ ಡಿಪ್ಲೊಮಾ ಹುಡುಗರಿಗೆ ಥರ್ಮೊಡೈನಮಿಕ್ಸ್ ಹೇಳಿಕೊಡುತ್ತಿದ್ದೇನೆ. ಸಂಜೆ ಬ್ಯಾಚಿನಲ್ಲಿ ಜಾಗ ಇದೆ.